ಮಾತಿಲ್ಲದ ಹಾಡಿಗೆ ಪೊಲೀಸರು ಯಾಕೆ ಬಂದರು?

ಜಾಝ್ ಕೂಡ ಯುದ್ಧವನ್ನು ವಿರೋಧಿಸಿತ್ತು ಅಂತ ಮಾತೆತ್ತಿದರೆ ಸಾಕು, ಒಂದು ಪ್ರಶ್ನೆ ಬಂದೇ ಬರುತ್ತೆ. ಪದಗಳೇ ಇಲ್ಲದ ಸಂಗೀತ ಯುದ್ಧವನ್ನು ವಿರೋಧಿಸೋದು ಹೇಗೆ? ಸ್ಯಾಕ್ಸೋಫೋನ್ ಕಿರುಚಿದರೆ ಪ್ರತಿಭಟನೆ, ಮೆಲ್ಲಗೆ ನುಡಿದರೆ ಶಾಂತಿ, ಇದೆಲ್ಲ ಕೇಳುವವರು ಸುಮ್ನೆ ಹಚ್ಚಿಕೊಂಡ ಅರ್ಥ ಅಲ್ವಾ? ಪ್ರಶ್ನೆ ಸರಿಯಾಗಿಯೇ ಇದೆ. ಸ್ವರಕ್ಕೆ ತಾನಾಗಿ ಯಾವ ಪಕ್ಷವೂ ಇಲ್ಲ ಅನ್ನೋದು ನನ್ನ ಅಭಿಪ್ರಾಯವೂ ಹೌದು. ಆದರೆ ಆ ಸ್ವರವನ್ನು ಯಾರ ಹೆಸರು ಹೇಳಿ, ಯಾರ ಎದುರಿಗೆ ನಿಂತು ನುಡಿಸಿದರು ಅನ್ನೋದಕ್ಕೆ ಪಕ್ಷ ಇದೆ. ಅದು ನಮಗಿಂತ ಚೆನ್ನಾಗಿ ಗೊತ್ತಿರೋದು ಪೊಲೀಸರಿಗೆ.

ಚಾರ್ಲಿ ಹೇಡನ್ ಅಂತ ಒಬ್ಬ ಡಬಲ್ ಬಾಸ್ (ಆಳೆತ್ತರದ ಪಿಟೀಲಿನಂಥ ವಾದ್ಯ) ವಾದಕ ಇದ್ದರು. 1937ರಲ್ಲಿ ಅಮೆರಿಕದ ಐಯೋವಾ ರಾಜ್ಯದಲ್ಲಿ ಹುಟ್ಟಿದವರು. ಮನೆಮಂದಿಯೆಲ್ಲ ರೇಡಿಯೋದಲ್ಲಿ ಕಂಟ್ರಿ ಹಾಡು ಹಾಡುತ್ತಿದ್ದರು, ಇವರೂ ಪುಟ್ಟ ಮಗುವಾಗಿದ್ದಾಗಿಂದ ಹಾಡಿದವರೇ. ಹದಿಹರೆಯದಲ್ಲಿ ಪೋಲಿಯೋ ಬಂದು ಗಂಟಲಿಗೆ ಪೆಟ್ಟು ಬಿತ್ತು. ಹಾಡು ನಿಂತಿತು, ಬಾಸ್ ಕೈಗೆ ಬಂತು. ಕ್ರಾಂತಿಕಾರಿ ಆಗೋಕೆ ಹೊರಟವರಂತೂ ಅಲ್ಲ.

ಆದರೆ ವಿಯೆಟ್ನಾಂ ಯುದ್ಧ ನಡೀತಿತ್ತು. 1969ರಲ್ಲಿ ಹೇಡನ್ ಹದಿಮೂರು ಜನರ ಒಂದು ತಂಡ ಕಟ್ಟಿ ಲಿಬರೇಶನ್ ಮ್ಯೂಸಿಕ್ ಆರ್ಕೆಸ್ಟ್ರಾ ಅಂತ ಹೆಸರಿಟ್ಟರು. ಸಂಗೀತ ಜೋಡಿಸಿದ್ದು ಪಿಯಾನೋ ವಾದಕಿ ಕಾರ್ಲಾ ಬ್ಲೇ. ಆಲ್ಬಮ್‌ನ ಮುಖಪುಟದಲ್ಲಿ ತಂಡದವರೆಲ್ಲ ಕೆಂಪು ಬ್ಯಾನರ್ ಹಿಡಿದು ನಿಂತಿದ್ದಾರೆ, ಥೇಟ್ ಧರಣಿಗೆ ಹೊರಟವರ ಹಾಗೆ. ಒಳಗೆ ಸ್ಪೇನಿನ ಅಂತರ್ಯುದ್ಧದ ಕಾಲದ ಹಾಡುಗಳಿವೆ, ಕ್ರಾಂತಿಕಾರಿ ಚೆ ಗೆವಾರನಿಗೆ ಅಂತ ಹೇಡನ್ ತಾವೇ ಮಾಡಿದ ಒಂದು ಧುನ್ ಇದೆ. ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಮಾತ್ರ 'ಸರ್ಕಸ್ 68 69'.

ಅದರ ಹಿನ್ನೆಲೆ ಹೇಳಲೇಬೇಕು. 1968ರ ಆಗಸ್ಟ್‌ನಲ್ಲಿ ಶಿಕಾಗೋದಲ್ಲಿ ಡೆಮಾಕ್ರಟಿಕ್ ಪಕ್ಷದ ಅಧಿವೇಶನ. ಹೊರಗೆ ಬೀದಿಯಲ್ಲಿ ಪೊಲೀಸರು ಯುದ್ಧ ಬೇಡ ಅಂದವರಿಗೆ ಲಾಠಿ ಬೀಸುತ್ತಿದ್ದಾರೆ. ಒಳಗೆ ವಿಯೆಟ್ನಾಂ ಬಗ್ಗೆ ಶಾಂತಿ ಬಯಸಿದವರ ನಿರ್ಣಯ ಮತಕ್ಕೆ ಹೋಗಿ ಬಿದ್ದುಹೋಯಿತು. ಸೋತ ಪ್ರತಿನಿಧಿಗಳು, ನ್ಯೂಯಾರ್ಕ್ ಮತ್ತು ಕ್ಯಾಲಿಫೋರ್ನಿಯಾದವರು, ಕೂತಲ್ಲೇ 'ವಿ ಶಲ್ ಓವರ್‌ಕಮ್' (ನಾವು ಗೆದ್ದೇ ಗೆಲ್ಲುತ್ತೇವೆ) ಅನ್ನೋ ಹೋರಾಟದ ಹಾಡು ಹಾಡೋಕೆ ಶುರು ಮಾಡಿದರು. ಸಭೆ ಹತೋಟಿಗೆ ಬರಲಿಲ್ಲ. ಆಗ ವೇದಿಕೆಯಿಂದ ಬ್ಯಾಂಡ್‌ನವರಿಗೆ ಸೂಚನೆ ಹೋಯಿತು: ಜೋರಾಗಿ ನುಡಿಸಿ, ಆ ಹಾಡು ಕೇಳಿಸಬಾರದು. ಬ್ಯಾಂಡ್‌ನವರು ಬಾವುಟದ ಹಾಡು, ಸುಖದ ದಿನಗಳು ಬಂದವು ಅನ್ನೋ ಚುನಾವಣಾ ಹಾಡು ಎಲ್ಲ ಬಾರಿಸಿದರು. ಹಾಡನ್ನು ಹಾಡಿನಿಂದಲೇ ಅದುಮಿದರು! ಹೇಡನ್ ಈ ಗದ್ದಲವನ್ನೇ ತಂದು ತಂಡವನ್ನು ಎರಡು ಪಾಲು ಮಾಡಿ ಎದುರುಬದುರು ನುಡಿಸಿದರು. ಕೇಳೋಕೆ ಇಂಪಾಗಿಲ್ಲ. ಇಂಪಾಗಿದ್ದರೆ ಅದು ಸುಳ್ಳಾಗುತ್ತಿತ್ತು ಅನ್ನಿ. ಆ ಗದ್ದಲ ಮುಗಿದ ಮೇಲೆ ತಂಡದ ರಾಸ್ವೆಲ್ ರಡ್ ಅವರ ಟ್ರೊಂಬೋನ್‌ನಲ್ಲಿ ಅದೇ 'ವಿ ಶಲ್ ಓವರ್‌ಕಮ್' ಬರುತ್ತೆ, ಆಲ್ಬಮ್ ಅಲ್ಲಿಗೆ ಮುಗಿಯುತ್ತೆ.

ಸ್ಟುಡಿಯೋ ಒಳಗೆ ಇದನ್ನೆಲ್ಲ ಮಾಡಬಹುದು ಬಿಡಿ. ಹೇಡನ್‌ಗೆ ನಿಜವಾದ ಪರೀಕ್ಷೆ ಬಂದದ್ದು 1971ರ ನವೆಂಬರ್‌ನಲ್ಲಿ, ಪೋರ್ಚುಗಲ್‌ನಲ್ಲಿ.

ಪೋರ್ಚುಗಲ್ ನಮಗೇನೂ ತೀರಾ ಅಪರಿಚಿತ ಅಲ್ಲ. 1961ರ ಡಿಸೆಂಬರ್‌ವರೆಗೂ ಅದರ ಆಳ್ವಿಕೆ ಕಾರವಾರದ ಆಚೆ ಗಡಿಯಲ್ಲೇ ಇತ್ತು. ಗೋವಾ ಕೈತಪ್ಪಿದರೂ ಆಫ್ರಿಕಾ ಬಿಡಲಿಲ್ಲ. ಅಂಗೋಲಾ, ಗಿನಿ, ಮೊಝಾಂಬಿಕ್ ಮೂರೂ ಕಡೆ ವಸಾಹತು ಯುದ್ಧ ನಡೆಸುತ್ತಿತ್ತು. ದೇಶದ ಒಳಗೆ ಸರ್ವಾಧಿಕಾರ, ಹುಡುಗರಿಗೆ ಕಡ್ಡಾಯ ಸೇನಾ ಸೇವೆ. ಅಂಥ ಹೊತ್ತಲ್ಲಿ ಲಿಸ್ಬನ್ ಪಕ್ಕದ ಕಶ್ಕಾಯಿಶ್ ಊರಲ್ಲಿ ಮೊದಲ ಸಲ ಜಾಝ್ ಉತ್ಸವ ಆಯಿತು. ಹೇಡನ್ ಬಂದದ್ದು ಸ್ಯಾಕ್ಸೋಫೋನ್ ವಾದಕ ಆರ್ನೆಟ್ ಕೋಲ್ಮನ್ ತಂಡದ ಜೊತೆ. ಇಂಥ ದೇಶದಲ್ಲಿ ನುಡಿಸೋದೇ ಬೇಡ ಅನ್ನಿಸಿತ್ತಂತೆ, ಆದರೆ ಒಪ್ಪಂದ ಆಗಿಹೋಗಿತ್ತು. ಮನೆಯಲ್ಲಿ ಹೆಂಡತಿ, ಹಿಂದಿನ ತಿಂಗಳಷ್ಟೇ ಹುಟ್ಟಿದ ತ್ರಿವಳಿ ಹೆಣ್ಣು ಮಕ್ಕಳು. ಅಂಥವರು ವೇದಿಕೆ ಮೇಲೆ ಮೈಕ್ ಮುಂದೆ ಬಂದು ಒಂದು ಮಾತು ಹೇಳಿದರು. ಈಗ ನುಡಿಸೋ ಧುನ್ ಮೊಝಾಂಬಿಕ್, ಗಿನಿ, ಅಂಗೋಲಾದ ಕಪ್ಪುಜನರ ವಿಮೋಚನಾ ಚಳವಳಿಗಳಿಗೆ ಅರ್ಪಣೆ ಅಂತ. ಅಷ್ಟೇ. ಆಮೇಲೆ ಚೆ ಮೇಲಿನ ಆ ಧುನ್ ನುಡಿಸಿದರು.

ಜನ ಎದ್ದು ಕೂಗಿದರು. ಕೂಗದೆ ಇನ್ನೇನು? ಆ ಯುದ್ಧಕ್ಕೆ ಹೋಗಬೇಕಾಗಿದ್ದ ವಯಸ್ಸಿನವರೇ ಅಲ್ಲಿ ಕೂತಿದ್ದರು.

ಮರುದಿನ ಲಿಸ್ಬನ್ ವಿಮಾನ ನಿಲ್ದಾಣದಲ್ಲಿ ರಾಜಕೀಯ ಪೊಲೀಸರು ಹೇಡನ್ ಅವರನ್ನು ಹಿಡಿದು ಕರೆದೊಯ್ದು ವಿಚಾರಣೆ ಮಾಡಿದರು. ಅಮೆರಿಕದ ರಾಯಭಾರ ಕಚೇರಿಯವರು ಬಂದು ಬಿಡಿಸಬೇಕಾಯಿತು. ತಮಾಷೆ ನೋಡಿ. ಯಾವ ಸರ್ಕಾರದ ಯುದ್ಧದ ವಿರುದ್ಧ ಇವರು ಆಲ್ಬಮ್ ಮಾಡಿದ್ದರೋ ಅದೇ ಸರ್ಕಾರದವರು ಇವರನ್ನು ಬಿಡಿಸಿಕೊಂಡು ಬಂದರು.

ಆ ಧುನ್‌ನಲ್ಲಿ ಪೋರ್ಚುಗಲ್ ಬಗ್ಗೆ ಏನೂ ಇಲ್ಲ. ಹಿಂದಿನ ವಾರ ಇನ್ಯಾವುದೋ ಊರಲ್ಲಿ ನುಡಿಸಿದ್ದರೆ ಚಪ್ಪಾಳೆ ತಟ್ಟಿ ಕಳಿಸುತ್ತಿದ್ದರು. ಇಲ್ಲಿ ಮೂರು ದೇಶಗಳ ಹೆಸರು ಹೇಳಿದ್ದೇ ತಪ್ಪಾಯಿತು. ಮೂರು ವರ್ಷ ತುಂಬೋ ಮುಂಚೆಯೇ, 1974ರ ಏಪ್ರಿಲ್ 25ರಂದು, ಆ ಸರ್ವಾಧಿಕಾರ ಬಿತ್ತು. ಅದನ್ನು ಬೀಳಿಸಿದ್ದು ಆಫ್ರಿಕಾದ ಯುದ್ಧದಿಂದ ಬೇಸತ್ತ ಸೈನ್ಯದವರೇ. ಜಾಝ್‌ನಿಂದ ಬಿತ್ತು ಅಂತ ನಾನು ಹೇಳಲ್ಲ, ಯಾರೂ ಹೇಳಬಾರದು.

ಹೆಸರಿನ ವಿಷಯ ಬಂದದ್ದಕ್ಕೆ ಇನ್ನೊಬ್ಬ ಬಾಸ್ ವಾದಕ ಚಾರ್ಲ್ಸ್ ಮಿಂಗಸ್ ನೆನಪಾಗುತ್ತಾರೆ. 1957ರಲ್ಲಿ ಅರ್ಕನ್ಸಾ ರಾಜ್ಯದ ಗವರ್ನರ್ ಆರ್ವಲ್ ಫೋಬಸ್, ಲಿಟಲ್ ರಾಕ್‌ನ ಬಿಳಿಯರ ಹೈಸ್ಕೂಲಿಗೆ ಒಂಬತ್ತು ಕಪ್ಪು ಮಕ್ಕಳು ಕಾಲಿಡಬಾರದು ಅಂತ ನ್ಯಾಷನಲ್ ಗಾರ್ಡ್ ಸೈನಿಕರನ್ನು ನಿಲ್ಲಿಸಿದ. ಮಿಂಗಸ್ ಅವನ ಹೆಸರಿಟ್ಟೇ ಒಂದು ಧುನ್ ಮಾಡಿದರು, 'ಫೇಬಲ್ಸ್ ಆಫ್ ಫೋಬಸ್' (ಫೋಬಸ್‌ನ ಕಟ್ಟುಕಥೆಗಳು) ಅಂತ. 1959ರಲ್ಲಿ ಕೊಲಂಬಿಯಾ ಕಂಪನಿಯಿಂದ ಬಂದಾಗ ಅದರಲ್ಲಿ ಪದ ಇಲ್ಲ. ಮರುವರ್ಷ ಕ್ಯಾಂಡಿಡ್ ಅನ್ನೋ ಸಣ್ಣ ಕಂಪನಿಗೆ ಅವರೂ ಡ್ರಮ್ಮರ್ ಡ್ಯಾನಿ ರಿಚ್ಮಂಡೂ ಸವಾಲ್ ಜವಾಬ್ ಥರ ಗವರ್ನರ್‌ನನ್ನು ಬೈಯೋ ಪದ ಸೇರಿಸಿ ರೆಕಾರ್ಡ್ ಮಾಡಿದರು. ಹೆಚ್ಚಿನವರಿಗೆ ಪದ ಇರೋದೇ ಇಷ್ಟ. ನನಗೆ ಪದ ಇಲ್ಲದ್ದೇ ವಾಸಿ. ಕುಂಟುತ್ತಾ, ಎದೆ ಉಬ್ಬಿಸಿ ನಡೆಯೋ ಆ ಧಾಟಿಯಲ್ಲೇ ಗವರ್ನರ್ ಸಾಹೇಬರ ಚಿತ್ರ ಪೂರ್ತಿ ಇದೆ. ಶೀರ್ಷಿಕೆ ಓದಿದ ಮೇಲೆ ಇನ್ನು ಬಯ್ಯೋದೇನಿದೆ?

ಇದೇ ಫೋಬಸ್ ದೆಸೆಯಿಂದ ಟ್ರಂಪೆಟ್ ತುತ್ತೂರಿಯ ಲೂಯಿ ಆರ್ಮ್‌ಸ್ಟ್ರಾಂಗ್ ಕೂಡ ಸಿಡಿದೆದ್ದರು. ಅಮೆರಿಕ ಆಗ ಜಾಝ್ ಕಲಾವಿದರನ್ನು ದೇಶದೇಶಕ್ಕೆ ಕಳಿಸಿ, ನೋಡಿ ನಮ್ಮಲ್ಲಿ ಎಷ್ಟು ಸ್ವಾತಂತ್ರ್ಯ ಅಂತ ತೋರಿಸಿಕೊಳ್ಳುತ್ತಿದ್ದ ಕಾಲ. ಯಾವಾಗಲೂ ಹಲ್ಲು ಬಿಟ್ಟು ನಗ್ತಾರೆ, ಬಿಳಿಯರನ್ನು ಖುಷಿಪಡಿಸ್ತಾರೆ ಅಂತ ಆಡಿಸಿಕೊಳ್ಳುತ್ತಿದ್ದರಲ್ಲ, ಆ ಆರ್ಮ್‌ಸ್ಟ್ರಾಂಗ್ ಅಧ್ಯಕ್ಷ ಐಸೆನ್‌ಹೋವರ್‌ಗೆ ಧೈರ್ಯ ಇಲ್ಲ ಅಂತ ಪತ್ರಿಕೆಯವರ ಮುಂದೆ ಹೇಳಿ, ಸರ್ಕಾರದ ಪರವಾಗಿ ರಷ್ಯಾಕ್ಕೆ ಹೋಗಲ್ಲ ಅಂದುಬಿಟ್ಟರು. ತುತ್ತೂರಿ ಊದದೇ ಇರೋದೂ ಒಂದು ಉತ್ತರವೇ.

ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಬಗ್ಗೆ ಜಾಸ್ತಿ ಹೇಳಲ್ಲ, ಎಲ್ಲರೂ ಹೇಳಿಯಾಗಿದೆ. 1963ರ ಸೆಪ್ಟೆಂಬರ್‌ನಲ್ಲಿ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಪ್ಪುಜನರ ಚರ್ಚಿನಲ್ಲಿ ಬಾಂಬ್ ಇಟ್ಟು ನಾಲ್ಕು ಹುಡುಗಿಯರನ್ನು ಕೊಂದರು. ನವೆಂಬರ್‌ನಲ್ಲಿ ಕೋಲ್ಟ್ರೇನ್ ರೆಕಾರ್ಡ್ ಮಾಡಿದ ಧುನ್‌ಗೆ ಇರೋದು ಒಂದೇ ಪದ, 'ಅಲಬಾಮಾ'.

ಹೇಡನ್ ಇರಾಕ್ ಯುದ್ಧದ ಹೊತ್ತಿಗೆ ಅದೇ ಆರ್ಕೆಸ್ಟ್ರಾವನ್ನು ಮತ್ತೆ ಕೂಡಿಸಿದರು, ಕಾರ್ಲಾ ಬ್ಲೇ ಜೊತೆಗೇ. 2005ರಲ್ಲಿ ಬಂದ ಆ ಆಲ್ಬಮ್‌ಗೆ 'ನಾಟ್ ಇನ್ ಅವರ್ ನೇಮ್' (ನಮ್ಮ ಹೆಸರಲ್ಲಿ ಬೇಡ) ಅಂತ ಹೆಸರು. ಈ ಸಲ ಸ್ಪೇನ್ ಹಾಡಿಲ್ಲ, ಅಮೆರಿಕದ್ದೇ ದೇಶಭಕ್ತಿಗೀತೆ, ಭಜನೆ. ದೇಶಪ್ರೇಮವನ್ನು ಯುದ್ಧ ಮಾಡೋರಿಗೆ ಬರೆದುಕೊಟ್ಟಿಲ್ಲ ಅಂತ ತೋರಿಸಿದ ರೀತಿ ಚೆನ್ನಾಗಿದೆ. ಆದರೂ ನನ್ನ ಕಿವಿಗೆ ಅದು ಸ್ವಲ್ಪ ನಯ ಜಾಸ್ತಿ. ಹೊಸದಾಗಿ ಕೇಳೋರು 1969ರದ್ದರಿಂದಲೇ ಶುರು ಮಾಡಿ. 'ಸರ್ಕಸ್' ಬಂದಾಗ ಮನೆಯವರು ಏನಿದು ಗಲಾಟೆ, ನಿಲ್ಲಿಸಿ ಅಂತಾರೆ. ನಿಲ್ಲಿಸಬೇಡಿ, ಆರು ನಿಮಿಷದಷ್ಟೇ ಇದೆ.