ಆ 89ರಲ್ಲಿ ನಾನೂ ಒಬ್ಬ

2016ರ ಮೇ ತಿಂಗಳಲ್ಲಿ ನಾನು ಬೆಂಗಳೂರಿನಲ್ಲಿದ್ದೆ. ಕೇರಳ ವಿಧಾನಸಭೆಗೆ ಓಟು ಹಾಕಲು ಊರಿಗೆ ಹೋಗಲಿಲ್ಲ. ರಜೆ ಸಿಗಲಿಲ್ಲ ಅಂತ ಮನೆಯಲ್ಲಿ ಹೇಳಿದೆ. ನಿಜ ಏನೆಂದರೆ ನಾನು ರಜೆ ಕೇಳಿಯೇ ಇರಲಿಲ್ಲ. ಮೂರು ದಿನ ಬಿಟ್ಟು ಫಲಿತಾಂಶ ಬಂತು. ಕರ್ನಾಟಕದ ಗಡಿಗೆ ತಾಗಿದ, ಕಾಸರಗೋಡು ಜಿಲ್ಲೆಯ ನಮ್ಮ ಮಂಜೇಶ್ವರ ಕ್ಷೇತ್ರದಲ್ಲಿ ಮುಸ್ಲಿಂ ಲೀಗಿನ ಅಬ್ದುಲ್ ರಜಾಕ್ ಅವರಿಗೆ 56,870, ಬಿಜೆಪಿಯ ಸುರೇಂದ್ರನ್ ಅವರಿಗೆ 56,781. ಅಂತರ 89. ಸಂಜೆ ನಮ್ಮೂರು ಪೆರ್ಲದಿಂದ ಚಿಕ್ಕಪ್ಪನ ಫೋನು, "ಎಲ್ಲ ನಿನ್ನಿಂದಾಗಿ ಹೋಯ್ತು ಮಾರಾಯ!"

ಅವತ್ತಿನಿಂದ ನಮ್ಮ ಪೇಟೆಯ ಚಾ ಅಂಗಡಿಗಳಲ್ಲಿ ಆ 89 ಮಂದಿಯ ಪಟ್ಟಿ ತಯಾರಾಗುತ್ತಲೇ ಇದೆ. ಪುತ್ತೂರಿನ ಮದುವೆಗೆ ಹೋಗಿ ಬಸ್ಸು ತಪ್ಪಿದವರು, ಮಂಗಳೂರಿನ ಆಸ್ಪತ್ರೆಯಲ್ಲಿ ಮಾವನ ಪಕ್ಕ ಕೂತವರು, ಸಾಲು ಉದ್ದ ಉಂಟು, ಊಟ ಮಾಡಿ ಬರ್ತೇನೆ ಅಂತ ಮನೆಗೆ ಹೋಗಿ ಮಲಗಿಬಿಟ್ಟವರು. ಪಟ್ಟಿ ಈಗ ಮುನ್ನೂರು ದಾಟಿರಬಹುದು.

ನನ್ನ ತಕರಾರು ಬೇರೆ. ಬಂದಿದ್ದರೆ ನಾನು ಯಾರಿಗೆ ಹಾಕುತ್ತಿದ್ದೆ ಅಂತ ಚಿಕ್ಕಪ್ಪ ಇವತ್ತಿನವರೆಗೆ ಕೇಳಿಲ್ಲ. ನನ್ನ ಹೆಸರೇ ಸಾಕು ಅವರಿಗೆ. ಟಿವಿಯಲ್ಲಿ ಕೂತು ಮಂಜೇಶ್ವರದ ಲೆಕ್ಕ ಬಿಡಿಸುವವರೂ ಹೀಗೇ, ಇಷ್ಟು ಶೇಕಡಾ ಇವರು, ಅಷ್ಟು ಶೇಕಡಾ ಅವರು, ಮುಗೀತು.

ಆದರೆ ಈ ಊರು ಯಾವತ್ತೂ ಹೀಗೇ ಇರಲಿಲ್ಲ. 1957ರಲ್ಲಿ ಕೇರಳದ ಮೊದಲ ವಿಧಾನಸಭೆಗೆ ಇಲ್ಲಿಂದ ಉಮೇಶ ರಾವ್ ಪಕ್ಷೇತರರಾಗಿ, ಅದೂ ಅವಿರೋಧವಾಗಿ ಹೋದರು! ಆಮೇಲೆ ಕರ್ನಾಟಕ ಸಮಿತಿಯ ಮಹಾಬಲ ಭಂಡಾರಿ. ಆಗಿನ ಓಟಿಗೆ ಒಂದೇ ಪ್ರಶ್ನೆ, ಈ ನೆಲ ಕರ್ನಾಟಕಕ್ಕೆ ಸೇರುತ್ತದಾ ಇಲ್ವಾ. ಚಂದ್ರಗಿರಿ ಹೊಳೆಯ ಉತ್ತರಕ್ಕಿರುವುದೆಲ್ಲ ಸೇರಬೇಕು ಅಂತ 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗದ ವರದಿ ಹೇಳಿತು. ಹೇಳಿತು, ಅಷ್ಟೇ.

ನಮ್ಮ ಅಜ್ಜ ಚಾಲಗೇಣಿ ಒಕ್ಕಲು, ಅಂದರೆ ಧಣಿಯ ಜಾಗವನ್ನು ಗೇಣಿಗೆ ಉಳುವವರು. 1970ರ ಭೂಸುಧಾರಣೆಯಲ್ಲಿ ಉಳುತ್ತಿದ್ದ ಜಾಗ ಅವರ ಹೆಸರಿಗೆ ಬಂತು. ಅಲ್ಲಿಂದ ಸಾಯುವವರೆಗೂ ಅವರ ಓಟು ಸಿಪಿಐಯ ಕತ್ತಿ-ತೆನೆಗೆ. ಅವರೊಬ್ಬರೇ ಅಲ್ಲ, 1970ರಿಂದ 1987ರ ತನಕ ಇಲ್ಲಿ ಗೆದ್ದದ್ದೇ ಸಿಪಿಐ, ಮೊದಲು ರಾಮಪ್ಪ, ಮತ್ತೆ ಸುಬ್ಬ ರಾವ್. ಅದೇ ಜಾಗದ ಅಡಿಕೆ ಮಾರಿ ಬದುಕುವ ಚಿಕ್ಕಪ್ಪ ಇವತ್ತು ಕಮಲ ಬಿಟ್ಟು ಬೇರೆ ಕಡೆ ಕಣ್ಣು ಹಾಯಿಸುವುದಿಲ್ಲ. ಮನೆ ಅದೇ, ತೋಟ ಅದೇ, ಹೆಸರುಗಳೂ ಅವೇ. ಹೆಸರು ನೋಡಿ ಓಟು ಹೇಳುವವರು ಈ ಎರಡು ತಲೆಮಾರನ್ನು ಎಲ್ಲಿ ಕೂರಿಸುತ್ತಾರೋ!

ಈಗ ನಮ್ಮಲ್ಲಿ ಜಾಸ್ತಿ ಓಟು ಬೀಳುವುದು ಹೆದರಿಕೆಗೆ. ಇವರು ಗೆಲ್ಲಲಿ ಅಂತ ಅಲ್ಲ, ಅವರು ಬರಬಾರದು ಅಂತ. ವರ್ಷವಿಡೀ ಕೆಂಪು ಬಾವುಟ ಹಿಡಿದ ಕೆಲವರು ಕೊನೆಯ ರಾತ್ರಿ ಮೆಲ್ಲ ಲೀಗಿನ ಏಣಿ ಹತ್ತುತ್ತಾರೆ, ಕಾಂಗ್ರೆಸ್ ಮನೆಯ ಕೆಲವರು ಸದ್ದಿಲ್ಲದೆ ಕಮಲಕ್ಕೆ ಒತ್ತುತ್ತಾರೆ. ಇದನ್ನು ಎಲ್ಲ ಪಕ್ಷದವರೂ ಬೈಯುತ್ತಾರೆ, ಎಲ್ಲರೂ ಲೆಕ್ಕಕ್ಕೂ ಹಿಡಿಯುತ್ತಾರೆ. ಹಾಗಂತ ಎಲ್ಲರೂ ಹೆದರುವುದಿಲ್ಲ. 2006ರಲ್ಲಿ ಸಿಪಿಎಂನ ಕುಂಞಂಬು ಗೆದ್ದು, ನಾಲ್ಕು ಸಲ ಗೆದ್ದಿದ್ದ ಲೀಗಿನ ಚೆರ್ಕಳಂ ಅಬ್ದುಲ್ಲ ಮೂರನೆಯವರಾದರು. 2021ರಲ್ಲಿ ಗೆದ್ದ ಲೀಗಿಗೂ ಬಿಜೆಪಿಗೂ ಅಂತರ ಬರೀ 745. ಅವತ್ತು ಕೂಡ ಮೂರನೇ ಸ್ಥಾನದ ಎಡಪಕ್ಷಕ್ಕೆ ನಲವತ್ತು ಸಾವಿರಕ್ಕಿಂತ ಜಾಸ್ತಿ ಓಟು ಬಿದ್ದಿತ್ತು. ಆ ನಲವತ್ತು ಸಾವಿರ ಜನರ ಬಗ್ಗೆ ಚಾ ಅಂಗಡಿಯಲ್ಲಿ ಒಂದು ಮಾತೂ ಇಲ್ಲ.

ಮತ್ತೆ ಕನ್ನಡ? ಅದು ಬೀದಿಗೆ ಬರುತ್ತದೆ, ಬೂತಿನೊಳಗೆ ಬರುವುದಿಲ್ಲ. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಅಂದಾಗ ಮೂರೂ ಪಕ್ಷದ ಕನ್ನಡಿಗರು ಬಿಸಿಲಲ್ಲಿ ಒಟ್ಟಿಗೆ ನಿಂತಿದ್ದರು. 2021ರಲ್ಲಿ ಗೆದ್ದ ಲೀಗಿನ ಅಶ್ರಫ್ ತಿರುವನಂತಪುರದಲ್ಲಿ ಕನ್ನಡದಲ್ಲೇ ಪ್ರಮಾಣವಚನ ಓದಿದರು. ಆ ವಿಡಿಯೊ ನನಗೆ ಮೊದಲು ಕಳಿಸಿದ್ದು ಯಾರು ಗೊತ್ತಾ? ಚಿಕ್ಕಪ್ಪನೇ! "ಲಾಯ್ಕ ಓದಿದ್ದಾನೆ" ಅಂತ ಬೇರೆ. ಹಾಗಾದರೆ ಮುಂದಿನ ಸಲ ಅವರಿಗೇ ಹಾಕಿ ಅಂದೆ. "ಅದು ಬೇರೆ, ಇದು ಬೇರೆ."

ಇದು ಬೇರೆ ಅನ್ನುವುದಕ್ಕೆ ಇನ್ನೊಂದು ಉದಾಹರಣೆ. 2020ರ ಮಾರ್ಚಿನಲ್ಲಿ ಕೊರೊನಾ ಅಂತ ಕರ್ನಾಟಕ ನಮ್ಮ ಗಡಿಯ ರಸ್ತೆಗಳಿಗೆ ಮಣ್ಣು ಸುರಿಯಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಊರು ನಮ್ಮದು, ರೋಗಿಗಳು ದಾರಿಯಲ್ಲೇ ಸಿಕ್ಕಿಹಾಕಿಕೊಂಡರು. ಆಗ ಅಲ್ಲಿದ್ದದ್ದು ಕಮಲದ್ದೇ ಸರ್ಕಾರ. ಚಿಕ್ಕಪ್ಪ ದಿನಾ ಬೈದರು, ಇನ್ನು ಆ ಕಡೆಗೆ ಮುಖ ಹಾಕುವುದಿಲ್ಲ ಅಂದರು. ಅದೇ ವರ್ಷದ ಪಂಚಾಯತು ಚುನಾವಣೆಯಲ್ಲಿ ವಾರ್ಡಿಗೆ ನೀರಿನ ಪೈಪು ತಂದ ಎಡಪಕ್ಷದ ಹೆಂಗಸಿಗೆ ಓಟು ಹಾಕಿದರು. ನಾಲ್ಕು ತಿಂಗಳು ಬಿಟ್ಟು ವಿಧಾನಸಭೆಗೆ ವಾಪಸ್ ಕಮಲ. ಸಿಟ್ಟು, ನೀರು, ಹೆದರಿಕೆ, ಎಲ್ಲಕ್ಕೂ ಅವರಲ್ಲಿ ಬೇರೆ ಬೇರೆ ಖಾತೆ ಉಂಟು.

2021ರ ಏಪ್ರಿಲಿನಲ್ಲಿ ನಾನು ರಜೆ ಹಾಕಿ ಹೋದೆ. ಚಿಕ್ಕಪ್ಪನೇ ಬೈಕಿನಲ್ಲಿ ಬೂತಿನ ತನಕ ಬಿಟ್ಟರು, ದಾರಿಯಲ್ಲಿ ಗೋಳಿಬಜೆಯನ್ನೂ ತಿನ್ನಿಸಿದರು. ಫಲಿತಾಂಶದ ದಿನ ಅವರ ಫೋನು ಬರಲಿಲ್ಲ. ಒಂದು ವಾರ ಬಿಟ್ಟು ಚಿಕ್ಕಮ್ಮ ಮಾಡಿದರು. ಅದೂ ಇದೂ ಮಾತಾಡಿ ಕೊನೆಗೆ ಸ್ವರ ತಗ್ಗಿಸಿ ಕೇಳಿದರು, "ನಿಜ ಹೇಳು, ನೀನು ಯಾರಿಗೆ ಹಾಕಿದ್ದು?"

"ನೀವು?" ಅಂದೆ.

ನಕ್ಕು, ಫೋನನ್ನು ಚಿಕ್ಕಪ್ಪನ ಕೈಗೆ ಕೊಟ್ಟುಬಿಟ್ಟರು.