ಬೇಲಿಯ ಆಚೆಯೂ ನಮ್ಮ ರೈತರಿದ್ದಾರೆ

ಬಾಂಗ್ಲಾ ಗಡಿಗೆ ಪೂರ್ತಿ ಬೇಲಿ ಹಾಕಿದರೆ ನುಸುಳುವಿಕೆ ನಿಂತೇ ಹೋಗುತ್ತದೆ ಅಂತ ನಾನು ಓದಿದ ಒಂದು ಲೇಖನದಲ್ಲಿ ಅದರ ಲೇಖಕರು ಬರೆದಿದ್ದಾರೆ. ಬೇಲಿ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ 4,096 ಕಿ.ಮೀ. ಗಡಿ ಪೂರ್ತಿ ಗಟ್ಟಿ ನೆಲದ ಮೇಲಿಲ್ಲ ಅಲ್ವಾ? ಅಸ್ಸಾಂನ ಧುಬ್ರಿಯಲ್ಲಿ ಬ್ರಹ್ಮಪುತ್ರಾ ದಾರಿ ಬದಲಿಸುತ್ತಲೇ ಇರುತ್ತದೆ, ಮರಳು ದಿಬ್ಬಗಳೇ ಕೊಚ್ಚಿಹೋಗುತ್ತವೆ. ಅಲ್ಲಿ ಕಂಬ ನೆಡುವುದೆಲ್ಲಿ? ಅದಕ್ಕೇ 2019ರಲ್ಲಿ 61 ಕಿ.ಮೀ. ಉದ್ದಕ್ಕೆ ಸೆನ್ಸರ್, ಕ್ಯಾಮೆರಾ ಹಾಕಿದ್ದು.

ಬೇಲಿಗೆ ಭೂಮಿ ಬಿಟ್ಟುಕೊಡದವರೇ ಅಡ್ಡಗಾಲು ಅನ್ನುವ ಅವರ ಮಾತಂತೂ ನನಗೆ ಒಪ್ಪಿಗೆಯಿಲ್ಲ. ಭಾರತ-ಬಾಂಗ್ಲಾ ನಡುವಿನ 1975ರ ಗಡಿ ನಿಯಮದಂತೆ ಗಡಿರೇಖೆಯಿಂದ 150 ಗಜದೊಳಗೆ ಯಾವ ರಕ್ಷಣಾ ನಿರ್ಮಾಣವನ್ನೂ ಮಾಡುವಂತಿಲ್ಲ. ಹಾಗಾಗಿ ಬೇಲಿ ಹೆಚ್ಚಿನ ಕಡೆ ನಮ್ಮ ನೆಲದೊಳಗೇ ಬಂದಿದೆ. ಪಶ್ಚಿಮ ಬಂಗಾಳದ ಎಷ್ಟೋ ರೈತರ ಗದ್ದೆ ಅದರ ಆಚೆ ಉಳಿದಿದೆ. ಗಡಿ ಕಾಯುವ ಬಿಎಸ್‌ಎಫ್‌ನವರು ಬೇಲಿಯ ಗೇಟ್ ತೆಗೆದಾಗ ಗುರುತಿನ ಚೀಟಿ ತೋರಿಸಿ ಹೋಗಬೇಕು, ಮುಚ್ಚುವ ಮೊದಲು ವಾಪಸ್ ಬರಬೇಕು. ಕೊಯ್ಲು ಅರ್ಧಕ್ಕೆ ನಿಂತರೂ ಅಷ್ಟೇ. ಇಂಥವರು ಇನ್ನಷ್ಟು ಭೂಮಿ ಕೊಡಲು ಹಿಂಜರಿದರೆ ಸುಮ್ನೆ ದೇಶದ್ರೋಹಿಗಳು ಅನ್ನಬೇಡಿ. ಮೊದಲು ಅವರಿಗೆ ಸರಿಯಾದ ಪರಿಹಾರ ಕೊಡಿ, ಗೇಟ್ ತೆರೆದಿರುವ ಹೊತ್ತು ಜಾಸ್ತಿ ಮಾಡಿ.