ಆಸ್ಪತ್ರೆಗೆ ಇನ್ಸ್‌ಪೆಕ್ಟರ್ ಹೇಳದೆ ಬರಬೇಕೇ?

ಪರ

ಒಂಬತ್ತು ವರ್ಷ ಎಂಡೋಸ್ಕೋಪಿ ಕೋಣೆಯಲ್ಲಿ ನರ್ಸ್ ಆಗಿದ್ದೆ. ಕಿಟಕಿ ಇರಲಿಲ್ಲ. ಮೂಲೆಯಲ್ಲಿ ಸ್ಕೋಪ್ (ದೇಹದೊಳಗೆ ಇಳಿಸಿ ನೋಡುವ ಕೊಳವೆ) ನೆನೆಸುವ ಟ್ರೇ, ಅದರ ತುಂಬ ಶೇ. 2ರ ಗ್ಲುಟರಾಲ್ಡಿಹೈಡ್ ಎಂಬ ರೋಗಾಣುನಾಶಕ. ಕಣ್ಣು ಉರಿ, ಗಂಟಲು ಕೆರೆತ. ‘ಅಭ್ಯಾಸ ಆಗುತ್ತೆ ಬಿಡು’ ಅಂದರು ಇನ್‌ಚಾರ್ಜ್ ಸಿಸ್ಟರ್. ಅಭ್ಯಾಸವಾದದ್ದು ಇನ್‌ಹೇಲರ್.

ತಪಾಸಣೆಯ ಸುದ್ದಿ ವಾರ ಮೊದಲೇ ಬರುತ್ತಿತ್ತು. ಆ ದಿನ ಟ್ರೇಗೆ ಮುಚ್ಚಳ ಬೀಳುತ್ತಿತ್ತು, ಎಕ್ಸಾಸ್ಟ್ ಫ್ಯಾನ್ ತಿರುಗುತ್ತಿತ್ತು. ಬಂದವರು ರಿಜಿಸ್ಟರ್ ನೋಡಿ, ಕಾಫಿ ಕುಡಿದು ಹೋಗುತ್ತಿದ್ದರು. ರಿಜಿಸ್ಟರ್ ಯಾವಾಗಲೂ ಚೆನ್ನಾಗಿಯೇ ಇರುತ್ತಿತ್ತು! 2016ರ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಕಸ ಮುಟ್ಟುವವರಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಬೇಕು. ಪುಸ್ತಕದಲ್ಲಿ ಎಲ್ಲರಿಗೂ ಹಾಕಿಸಿತ್ತು. ನಮ್ಮ ಆಯಾಗೆ ಮಾತ್ರ ಲಸಿಕೆಯ ಸೂಜಿ ತಾಗಿರಲಿಲ್ಲ. ಕಸದ ಸೂಜಿ ಎರಡು ಸಲ ತಾಗಿತ್ತು.

ಸಾಮಾನು ಸ್ಟೆರಿಲೈಸ್ ಮಾಡುವ ಎಥಿಲೀನ್ ಆಕ್ಸೈಡ್ ಅನಿಲ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲೇ ಹೇಳಿದೆ. ಅದರ ವಾಸನೆ ಮೂಗಿಗೆ ಸಿಗುವಷ್ಟರಲ್ಲಿ ಸುರಕ್ಷತಾ ಮಿತಿಯನ್ನು ನೂರಾರು ಪಟ್ಟು ದಾಟಿರುತ್ತದೆ. ಮೂಗು ನಂಬಿ ಕೂರೋಕಾಗುತ್ತಾ? ಮೀಟರ್ ಹಿಡಿದವರು ಬರಬೇಕು. ಹೇಳದೆ ಬರಬೇಕು.

ಖರ್ಚು ಜಾಸ್ತಿ ಅನ್ನುತ್ತಾರೆ. ಲಾಬಿಗೆ ಗ್ರಾನೈಟ್ ಹಾಕಿಸುವಾಗ ಈ ಮಾತು ನನಗೆ ಕೇಳಿಸಿರಲಿಲ್ಲ.

ವಿರೋಧ

ಈ ಕಡೆ ಬರೆಯಲು ಯಾರೂ ಸಿಗದೆ ನನ್ನನ್ನು ಹಿಡಿದರು. ತಾಲ್ಲೂಕು ಕೇಂದ್ರದಲ್ಲಿ 20 ಹಾಸಿಗೆಯ ನರ್ಸಿಂಗ್ ಹೋಂ ನನ್ನದು. ಸುರಕ್ಷತೆ ಬೇಡ ಅಂತ ಯಾರಂದರು? ಆದರೆ ಈಗಲೇ ಖಾಸಗಿ ಆಸ್ಪತ್ರೆ ನೋಂದಣಿಯ ಕೆಪಿಎಂಇ, ಮಾಲಿನ್ಯ ಮಂಡಳಿ, ಅಗ್ನಿಶಾಮಕ, ಸ್ಕ್ಯಾನಿಂಗ್‌ಗೆ ಭ್ರೂಣಲಿಂಗ ಪತ್ತೆ ತಡೆಯುವ ಪಿಸಿಪಿಎನ್‌ಡಿಟಿ, ಎಕ್ಸ್‌ರೇಗೆ ವಿಕಿರಣ ಸುರಕ್ಷತೆಯ ಎಇಆರ್‌ಬಿ ಕಡೆಯವರು ಬರುತ್ತಾರೆ. ಇನ್ನೊಬ್ಬರು ಬಂದರೆ ಕೂರಿಸೋಕೆ ಕುರ್ಚಿ ಎಲ್ಲಿಂದ ತರಲಿ?

ಒಮ್ಮೆ ಒಬ್ಬರು ಹೇಳದೆಯೇ ಬಂದರು. ನಾನು ಸಿಸೇರಿಯನ್‌ನಲ್ಲಿದ್ದೆ. ಮುಕ್ಕಾಲು ಗಂಟೆ ಕಾದು ಕೆಂಡವಾಗಿದ್ದರು. ಎಳನೀರು ತರಿಸಿಕೊಟ್ಟೆವು. ಆಮೇಲೆ ವೈದ್ಯಕೀಯ ತ್ಯಾಜ್ಯದ ಹಳದಿ ಚೀಲದಲ್ಲಿ ಬೇರೆ ಕಸ ಇದೆ ಎಂದು ನೋಟಿಸ್ ಬರೆದರು. ಇಣುಕಿದರೆ ಎಳನೀರಿನ ಸ್ಟ್ರಾ! ಅವರದೇ. ಬಾಯಿಬಿಟ್ಟು ಹೇಳೋಕಾಗುತ್ತಾ? ದಂಡ ಕಟ್ಟಿದೆ. ಮಗು ಮಾತ್ರ ಮೂರು ಕೆಜಿ ಇತ್ತು, ಗಟ್ಟಿ ಅಳು.

ಹೇಳಿ ಬಂದರೆ ಆ ಒಂದು ವಾರವಾದರೂ ಎಲ್ಲ ಸರಿ ಇರುತ್ತೆ, ಅಲ್ವಾ? ಅದೂ ಲಾಭವೇ.

ಬಯಾಪ್ಸಿ ಬಾಟಲಿಗೆ, ಮಾಂಸದ ತುಣುಕು ಕೆಡದಂತೆ ಇಡುವ ಫಾರ್ಮಲಿನ್ ತುಂಬುವ ಹುಡುಗಿ ಕಣ್ಣೊರೆಸಿಕೊಳ್ಳುವುದನ್ನು ನಾನೂ ನೋಡಿದ್ದೇನೆ. ಅಲ್ಲೊಂದು ಕಿಟಕಿ ಒಡೆಸಿದೆ. ಅದಕ್ಕೆ ಯಾವ ಇನ್ಸ್‌ಪೆಕ್ಟರೂ ಬೇಕಾಗಲಿಲ್ಲ. ಎರಡು ವರ್ಷ ಹಿಡಿಯಿತು, ಅದು ಬೇರೆ ಮಾತು.